ದೊಡ್ಡ ಬೈಕಲ್ಲಿ ದಿನಾ ಸಿಟಿ ಟ್ರಾಫಿಕ್ಕು: ಮೂರನೇ ಬೈಕಿಗೆ ಲೆಕ್ಕ ಸರಿಹೋಯ್ತು

ಎರಡು ವರ್ಷ ಆಯ್ತು, 700 ಸಿಸಿ ಹತ್ತತ್ರದ ಬೈಕಲ್ಲೇ ದಿನಾ ಕೆಲಸಕ್ಕೆ ಹೋಗಿ ಬರ್ತಿದೀನಿ. ಹೋಗ್ತಾ 16 ಕಿಲೋಮೀಟರು, ಬರ್ತಾ 16, ಅದ್ರಲ್ಲಿ ಮುಕ್ಕಾಲು ಪಾಲು ಕಾರಿನ ಹಿಂದೆ ಕಾರು ನಿಂತಿರೋ ಟ್ರಾಫಿಕ್ಕು. "ದೊಡ್ಡ ಬೈಕ್ ಹೈವೇಗೆ ಕಣೋ, ಸಿಟಿಗೆ ಸ್ಕೂಟರ್ ತಗೋ, ಆರು ತಿಂಗಳಲ್ಲಿ ಕ್ಲಚ್ ಪ್ಲೇಟ್ ಸುಟ್ಕೊಂಡು ಇದನ್ನೂ ಮಾರ್ತೀಯ ನೋಡ್ತಿರು" ಅಂತ ಜೊತೆಗಾರರೆಲ್ಲ ಹೇಳಿದ್ರು. ಹೇಳೋಕೆ ಅವರಿಗೆ ಕಾರಣಾನೂ ಇತ್ತು, ಅದಕ್ಕಿಂತ ಮುಂಚೆ ಎರಡು ದೊಡ್ಡ ಬೈಕ್ ತಗೊಂಡು ಎರಡನ್ನೂ ಮಾರಿದ್ದೆ. ಈಗ ಅದೇ ಗುಂಪಲ್ಲಿ ಇಬ್ಬರು ನನ್ನ ಬೈಕ್ ಒಂದು ಸಂಜೆ ಟ್ರಾಫಿಕ್ಕಲ್ಲಿ ಓಡಿಸಿ ನೋಡಿ, ನಾನು ಹೇಳಿದ ಹಾಗೇ ಟೆಸ್ಟ್ ಮಾಡಿ ತಗೊಂಡಿದಾರೆ. ಅದಕ್ಕೇ ಕೂತು ಬರೀತಿದೀನಿ.

ಮೊದಲನೇದು 1000 ಸಿಸಿ, ನಾಲ್ಕು ಸಿಲಿಂಡರು. ಇಂಜಿನ್ ಬಗ್ಗೆ ಒಂದು ಮಾತೂ ಕೆಟ್ಟದಾಗಿ ಹೇಳಲ್ಲ, 6000 ಆರ್‌ಪಿಎಂ ದಾಟಿದ ಮೇಲೆ ಅದರ ಓಟನೇ ಬೇರೆ. ಆದ್ರೆ ಫಸ್ಟ್ ಗೇರಲ್ಲೇ 140 ದಾಟೋ ಗೇರಿಂಗು, ಅಂದ್ರೆ ಕ್ಲಚ್ ಪೂರ್ತಿ ಬಿಟ್ಟು ಐಡಲ್‌ನಲ್ಲಿ (ರೇಸ್ ಕೊಡದೆ) ಬಿಟ್ರೂ 13-14 ಸ್ಪೀಡಲ್ಲಿ ಹೋಗುತ್ತೆ, ನನ್ನ ಮುಂದಿನ ಕಾರು ಹೋಗ್ತಿರೋದು 5ರಲ್ಲಿ. ಹಾಗಾಗಿ ಇಡೀ ದಾರಿ ಹಾಫ್ ಕ್ಲಚ್ಚು, ಅಂದ್ರೆ ಲಿವರ್ ಅರ್ಧ ಹಿಡ್ಕೊಂಡೇ ಹೋಗೋದು. ಮನೆಗೆ ಬಂದು ಎಡಗೈಯಲ್ಲಿ ನೀರಿನ ಚೊಂಬು ಹಿಡಿಯೋಕೆ ಆಗ್ತಿರ್ಲಿಲ್ಲ, ಹೆಬ್ಬೆರಳ ಬುಡದಲ್ಲಿ ಸೆಳೆತ. ಟೆಂಪರೇಚರ್ 103-104ಕ್ಕೆ ಹೋದ ತಕ್ಷಣ ಫ್ಯಾನ್ ಶುರುವಾಗಿ ಆ ಬಿಸಿಗಾಳಿ ಎಲ್ಲಾ ನೇರ ಬಲಗಾಲಿನ ಮಂಡಿ ಕೆಳಗೆ, ಜೀನ್ಸ್ ಹಾಕಿದ್ರೂ ಚರ್ಮ ಕೆಂಪಾಗ್ತಿತ್ತು. ಇನ್ನೊಂದು ಸಂಕಟ ಹ್ಯಾಂಡಲ್ ತಿರುಗೋದು. ಕಾರುಗಳ ಸಂದೀಲಿ ಒಂಚೂರು ಓರೆ ಮಾಡಿ ಮುಂದಿನ ಸಾಲಿಗೆ ಹೋಗೋಣ ಅಂದ್ರೆ ಅರ್ಧಕ್ಕೇ ಲಾಕ್ ಸಿಕ್ಬಿಡೋದು, ಅಂದ್ರೆ ಹ್ಯಾಂಡಲ್ ಅಲ್ಲಿಂದಾಚೆ ತಿರುಗ್ತಾನೇ ಇರ್ಲಿಲ್ಲ. ಒಂದು ಯೂ ಟರ್ನಲ್ಲಿ ಹಾಗೇ ಲಾಕ್ ಸಿಕ್ಕಿ, ಕಾಲು ಕೊಟ್ಟ ಕಡೆ ಮರಳು ಇದ್ದು ಜಾರಿ, 200 ಕೆಜಿ ಮೇಲಿನ ಬೈಕ್ ನಿಧಾನಕ್ಕೆ ಮಲಗ್ತು. ಎಂಟೋ ಒಂಬತ್ತೋ ತಿಂಗಳು ಇಟ್ಕೊಂಡಿದ್ದೆ, ಮಾರಿದಾಗ ಕೊಟ್ಟ ದುಡ್ಡಲ್ಲಿ ಸುಮಾರು ಮೂರನೇ ಒಂದು ಪಾಲು ಹೋಯ್ತು. ಇಷ್ಟು ದುಡ್ಡು ಹೋಗಿದ್ದು ಸುಮ್ನೆ ದಂಡ ಆಗ್ಬಾರ್ದು ಅಂತ ಎಲ್ಲಾ ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ಟೆ, ಆಮೇಲೆ ಅದೇ ಕೆಲಸಕ್ಕೆ ಬಂತು.

ಎರಡನೇದು ವಿ-ಟ್ವಿನ್ (ಎರಡು ಸಿಲಿಂಡರು ವಿ ಆಕಾರದಲ್ಲಿ, ಒಂದು ಮುಂದೆ ಒಂದು ಹಿಂದೆ) ಅಡ್ವೆಂಚರ್ ಬೈಕು. ಎತ್ತರ ಕೂತ್ರೆ ಟ್ರಾಫಿಕ್ ಮುಂದೆ ದೂರದವರೆಗೆ ಕಾಣುತ್ತೆ, ಹ್ಯಾಂಡಲ್ ಚೆನ್ನಾಗಿ ತಿರುಗುತ್ತೆ ಅನ್ನೋ ಲೆಕ್ಕ. ಎರಡೂ ನಿಜ. ಆದ್ರೆ ಸೀಟು 850 ಮಿಲಿಮೀಟರ್ ಹತ್ರ, ನಂಗೆ ನಿಂತಾಗ ಎರಡೂ ಕಡೆ ಬೆರಳ ತುದಿ ಮಾತ್ರ ಊರ್ತಿತ್ತು. ಹಿಂದಿನ ಸಸ್ಪೆನ್ಷನ್ ತಗ್ಗಿಸೋ ಲೋವರಿಂಗ್ ಲಿಂಕ್ ಹಾಕಿಸಿ 30 ಮಿಲಿಮೀಟರ್ ಇಳಿಸ್ದೆ. ಇಲ್ಲಿ ನಾನು ಮಾಡಿದ ತಪ್ಪು ಯಾರೂ ಮಾಡ್ಬೇಡಿ, ಬೈಕ್ ಇಳಿದ ಮೇಲೆ ಸೈಡ್ ಸ್ಟ್ಯಾಂಡು ಅದಕ್ಕೆ ಉದ್ದ ಆಗುತ್ತೆ, ಬೈಕ್ ಎಡಕ್ಕೆ ವಾಲ್ಕೊಂಡು ನಿಲ್ಲೋ ಬದ್ಲು ಹೆಚ್ಚುಕಮ್ಮಿ ನೆಟ್ಟಗೆ ನಿಂತ್ಕೊಳುತ್ತೆ. ಮೂರನೇ ದಿನ ಪಾರ್ಕಿಂಗಲ್ಲಿ ಪಕ್ಕದವನು ತನ್ನ ಗಾಡಿ ತೆಗೀವಾಗ ಬ್ಯಾಗ್ ತಾಗ್ತೋ ಏನೋ, ಬಲಕ್ಕೆ ಬಿತ್ತು. ಬ್ರೇಕ್ ಲಿವರು, ಇಂಡಿಕೇಟರು, ಟ್ಯಾಂಕ್ ಮೇಲೆ ಅಂಗೈ ಅಗಲದ ಡೆಂಟು, ಅರ್ಧ ತಿಂಗಳ ಸಂಬಳ. ಆಮೇಲೆ ಸ್ಟ್ಯಾಂಡ್ ಕತ್ತರಿಸಿ ವೆಲ್ಡ್ ಮಾಡಿಸ್ದೆ. ಅಷ್ಟಾದ್ರೂ ಹಿಂದೆ ಮಾತ್ರ ಇಳಿಸಿ ಮುಂದಿನ ಫೋರ್ಕ್ ಹಾಗೇ ಬಿಟ್ಟಿದ್ರಿಂದ ತಿರುವಲ್ಲಿ ಹ್ಯಾಂಡಲ್ ಭಾರ ಬಂತು, ಎರಡನ್ನೂ ಒಟ್ಟಿಗೆ ಇಳಿಸ್ಬೇಕಿತ್ತು. ಇದೆಲ್ಲ ಸರಿ ಮಾಡ್ಬೋದು, ಸರಿ ಮಾಡೋಕಾಗದೇ ಇದ್ದಿದ್ದು ಎರಡು. ಹ್ಯಾಂಡ್‌ಗಾರ್ಡ್ ಸೇರಿ ಹ್ಯಾಂಡಲ್ಲು 900 ಮಿಲಿಮೀಟರ್ ಹತ್ರ, ಸ್ಕೂಟರ್ ನುಗ್ಗೋ ಸಂದೀಲಿ ನಾನು ನಿಂತ್ಕೋಬೇಕು. ಇನ್ನೊಂದು ಹಿಂದಿನ ಸಿಲಿಂಡರು, ಅದು ಕೂತಿರೋದು ಸೀಟಿನ ಮುಂದೆನೇ, ತೊಡೆ ಮಧ್ಯೆ, ಗಾಳಿ ಬೀಳೋ ಜಾಗಾನೇ ಅಲ್ಲ. ಡುಕಾಟಿ ಮಲ್ಟಿಸ್ಟ್ರಾಡಾ ವಿ4ನಲ್ಲಿ ಇಂಜಿನ್ ಬಿಸಿಯಾಗಿ ಸಿಗ್ನಲ್ಲಲ್ಲಿ ನಿಂತಾಗ ಹಿಂದಿನ ಎರಡು ಸಿಲಿಂಡರ್ ತಾನಾಗೇ ಆಫ್ ಆಗೋ ವ್ಯವಸ್ಥೆ ಇಟ್ಟಿದಾರಲ್ಲ, ಯಾಕೆ ಅಂತ ಅವತ್ತು ತೊಡೆಗೇ ಅರ್ಥ ಆಯ್ತು. ಒಂದು ವರ್ಷಕ್ಕೆ ಅದನ್ನೂ ಮಾರಿದೆ, ಈ ಸಲ ಕಾಲು ಭಾಗ ನಷ್ಟ.

ಮೂರನೇದು ಹುಡುಕುವಾಗ ಇಂಜಿನ್ ಶಕ್ತಿ ತೋರಿಸೋ ಬಿಎಚ್‌ಪಿ ಕಾಲಮ್ ಮುಚ್ಚಿಟ್ಟೆ. ಸಿಟೀಲಿ ನಮ್ಮ ಜೀವನ ಎಲ್ಲಾ 0ಯಿಂದ 35 ಒಳಗೆ, 1200ರಿಂದ 4000 ಆರ್‌ಪಿಎಂ ಒಳಗೆ, ಅಲ್ಲಿ ಬೈಕ್ ಹೇಗಿರುತ್ತೆ ಅಂತ ಯಾವ ಬ್ರೋಷರಲ್ಲೂ ಬರೆದಿರಲ್ಲ, ಓಡಿಸೇ ನೋಡ್ಬೇಕು. ಅದೂ ಶೋರೂಮಿಂದ ತಣ್ಣಗಿರೋ ಬೈಕ್ ತೆಗೆದು ಖಾಲಿ ರೋಡಲ್ಲಿ ಐದು ನಿಮಿಷ ಓಡಿಸಿದ್ರೆ ಏನೂ ಗೊತ್ತಾಗಲ್ಲ. ನಾನು ಟೆಸ್ಟ್ ರೈಡ್ ಕೇಳಿದ್ದೇ ಮಧ್ಯಾಹ್ನ ಎರಡು ಗಂಟೆಗೆ, ಇಪ್ಪತ್ತು ನಿಮಿಷ ಓಡಿಸಿ, ಆಮೇಲೆ ನೆರಳಿಲ್ಲದ ಕಡೆ ಇಂಜಿನ್ ಆನ್ ಇಟ್ಟು ಫ್ಯಾನ್ ಶುರುವಾಗೋ ತನಕ ಮೇಲೇ ಕೂತಿದ್ದೆ. ಫ್ಯಾನ್ ಗಾಳಿ ಎಲ್ಲಿಗೆ ಬೀಳುತ್ತೆ ಅಂತ ಅಂಗೈ ಇಟ್ಟು ನೋಡ್ತಿದ್ದೆ. ಸೇಲ್ಸ್ ಹುಡುಗರು ಮುಖ ಮುಖ ನೋಡ್ಕೊಂಡ್ರೂ ಪರವಾಗಿಲ್ಲ, ದುಡ್ಡು ನಮ್ದು.

ಬಿಸಿಯಾದ ಮೇಲೆನೇ ಉಳಿದ ಪರೀಕ್ಷೆ. ಫಸ್ಟ್ ಗೇರ್ ಹಾಕಿ ರೇಸ್ ಕೊಡದೆ ಕ್ಲಚ್ ಪೂರ್ತಿ ಬಿಟ್ಟು, ಬ್ರೇಕೂ ಹಿಡಿಯದೆ ಐವತ್ತು ಮೀಟರ್, ಚೈನ್ ಕಟಕಟ ಅನ್ನದೆ ಇಂಜಿನ್ ಎಳ್ಕೊಂಡು ಹೋಗ್ಬೇಕು. ಫುಲ್ ಲಾಕಲ್ಲಿ ಯೂ ಟರ್ನು, ಕಾಲು ಊರದೆ. ಆಮೇಲೆ ಸಣ್ಣ ಇಳಿಜಾರಲ್ಲಿ ಸೀಟ್ ಮೇಲೆ ಕೂತೇ ಕಾಲಲ್ಲಿ ಹಿಂದಕ್ಕೆ ತಳ್ಳೋದು, ಪಾದದ ಮುಂಭಾಗನಾದ್ರೂ ನೆಲಕ್ಕೆ ಗಟ್ಟಿಯಾಗಿ ಊರ್ದೇ ಇದ್ರೆ ಇದು ಆಗಲ್ಲ. ಕೊನೇಲಿ ಕ್ಲಚ್ ಲಿವರ್ ಎರಡೇ ಬೆರಳಲ್ಲಿ ಐವತ್ತು ಸಲ ಒತ್ತಿ ಬಿಡೋದು. ಮೂವತ್ತಕ್ಕೇ ಗೊತ್ತಾಗುತ್ತೆ ಇದು ನಮ್ ಕೈಲಿ ಆಗೋದಾ ಇಲ್ವಾ ಅಂತ. ಇನ್ನೂ ಒಂದು ಟೆಸ್ಟ್ ಇದೆ, ಸೆಕೆಂಡ್ ಗೇರಲ್ಲಿ ಮಾಡೋದು, ಅದನ್ನ ಎದುರಿಗೆ ಸಿಕ್ಕವರಿಗೆ ತೋರಿಸ್ತೀನಿ, ಬರೆದ್ರೆ ಯಾರೋ ಅರ್ಧಂಬರ್ಧ ಮಾಡಿ ಬೀಳ್ತಾರೆ.

ಹೀಗೆ ಏಳೋ ಎಂಟೋ ಬೈಕ್ ನೋಡಿದೆ. ನನ್ನ ಲೆಕ್ಕಕ್ಕೆ ಸಿಟಿಗೆ ದೊಡ್ಡ ಬೈಕ್ ಅಂದ್ರೆ 650ರಿಂದ 800 ಸಿಸಿ ಎರಡು ಸಿಲಿಂಡರು, ತೂಕ 200 ಕೆಜಿ ಆಸುಪಾಸು ಅಥವಾ ಕಮ್ಮಿ, ಸೀಟು 810 ಒಳಗೆ. ಯಮಹಾ ಎಂಟಿ-07 (689 ಸಿಸಿ, 184 ಕೆಜಿ ಹತ್ತತ್ರ), ಕವಾಸಕಿ ಝಡ್650, ಸುಜುಕಿ ಎಸ್‌ವಿ650, ರಾಯಲ್ ಎನ್‌ಫೀಲ್ಡ್ 650 ಟ್ವಿನ್ (ಇದರ ತೂಕ ಮಾತ್ರ ಸ್ವಲ್ಪ ಜಾಸ್ತಿ), ಈ ಸಾಲಿನವು. ಎರಡು ಪಿಸ್ಟನ್ ಎಷ್ಟು ಕೋನದ ಅಂತರದಲ್ಲಿ ಓಡ್ಬೇಕು, 270 ಡಿಗ್ರಿ ಕ್ರ್ಯಾಂಕ್ ಬೇಕಾ 180 ಬೇಕಾ ಅಂತ ಗಂಟೆಗಟ್ಲೆ ಜಗಳ ಆಡ್ತಾರೆ, 270ರ ಮಿಡಿತ ನಂಗೂ ಇಷ್ಟಾನೇ, ಆದ್ರೆ ನಿಧಾನಕ್ಕೆ ಹೋಗುವಾಗ ಜರ್ಕ್ ಹೊಡೆಯುತ್ತಾ ಇಲ್ವಾ ಅನ್ನೋದನ್ನ ಕ್ರ್ಯಾಂಕ್‌ನ ತೂಕ ಮತ್ತೆ ಇಂಧನದ ಮ್ಯಾಪಿಂಗ್ ತೀರ್ಮಾನ ಮಾಡುತ್ತೆ, ಡಿಗ್ರಿ ಅಲ್ಲ. ಎಸ್‌ವಿ650ನಲ್ಲಿ ಕ್ಲಚ್ ಬಿಡುವಾಗ ಆರ್‌ಪಿಎಂ ತಾನಾಗೇ ಒಂಚೂರು ಏರಿಸೋ ಲೋ ಆರ್‌ಪಿಎಂ ಅಸಿಸ್ಟ್ ಇದೆ, ಟ್ರಾಫಿಕ್ಕಲ್ಲಿ ಅದು 20 ಬಿಎಚ್‌ಪಿಗಿಂತ ಉಪಯೋಗ. ಹೋಂಡಾದ ಡಿಸಿಟಿ (ಕ್ಲಚ್ ಲಿವರ್ ಇಲ್ಲದ ಆಟೋಮ್ಯಾಟಿಕ್ ಗೇರು) ಬೈಕೂ ಓಡಿಸಿದೆ, ಎಡಗೈಗೆ ಪೂರ್ತಿ ರಜೆ, ಆದ್ರೆ ಟೈಟ್ ಯೂ ಟರ್ನಲ್ಲಿ ಹಾಫ್ ಕ್ಲಚ್ ಮಾಡೋ ಅಭ್ಯಾಸದ ಕೈ ಸುಮ್ನೆ ಗಾಳಿ ಹಿಡಿಯುತ್ತೆ, ಎಲ್ಲಾ ಹಿಂದಿನ ಬ್ರೇಕಲ್ಲೇ ನಿಭಾಯಿಸ್ಬೇಕು, ಅದಕ್ಕೆ ನಾನು ಒಗ್ಗಲಿಲ್ಲ. 2024ರಲ್ಲಿ ಅವರದ್ದೇ ಸಿಬಿ650ಆರ್‌ಗೆ ಬಂದ ಇ-ಕ್ಲಚ್ಚಲ್ಲಿ ಲಿವರೂ ಇದೆ, ಬೇಕಾದ್ರೆ ಮುಟ್ಟದೆನೂ ಓಡಿಸ್ಬೋದು, ಕೈ ನೋವಿರೋರು ಅದನ್ನ ಒಂದ್ಸಲ ನೋಡಿ. ನಾನು ಕೊನೆಗೆ ಯಾವುದು ತಗೊಂಡೆ ಅಂತ ಬೇಕಂತ್ಲೇ ಬರೀತಿಲ್ಲ, ಹೆಸರು ಬರೆದ್ರೆ ಹೆಸರು ನೋಡ್ಕೊಂಡು ತಗೋತಾರೆ, ಫ್ಯಾನ್ ಗಾಳಿ ನೋಡಲ್ಲ. ಮೂರು ವರ್ಷ ಹಳೇದು, ಸೆಕೆಂಡ್ ಹ್ಯಾಂಡು, ಹೊಸದರ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಗೆ ಸಿಕ್ತು. ಸಿಟೀಲಿ ಗೀಚು, ತರಚು ಗ್ಯಾರಂಟಿ, ಹೊಸ ಬೈಕಿಗೆ ಆ ಹೊಟ್ಟೆಉರಿ ಯಾಕೆ.

ತಗೊಂಡ ಮೇಲೆ ಮಾಡಿದ್ರಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಕೆಲಸ ಕೊಟ್ಟಿದ್ದು ಮುಂದಿನ ಸ್ಪ್ರಾಕೆಟ್ಟು, ಅಂದ್ರೆ ಇಂಜಿನ್ ಕಡೆ ಚೈನ್ ಎಳೆಯೋ ಹಲ್ಲಿನ ಚಕ್ರ. 16 ಹಲ್ಲಿಂದು ತೆಗೆದು 15ರದ್ದು ಹಾಕಿದೆ, ಒಂದು ಟ್ಯಾಂಕ್ ಪೆಟ್ರೋಲಿನಷ್ಟೂ ಖರ್ಚಿಲ್ಲ. ಶೇಕಡಾ 6-7ರಷ್ಟು ಗೇರಿಂಗ್ ಕೆಳಗಿಳಿಯುತ್ತೆ, ಅಂದ್ರೆ ಅದೇ ಆರ್‌ಪಿಎಂಗೆ ಬೈಕ್ ಅಷ್ಟು ನಿಧಾನ ಹೋಗುತ್ತೆ, ಮೊದಲು ಫಸ್ಟಲ್ಲಿ ಹೋಗ್ತಿದ್ದ ಎಷ್ಟೋ ಕಡೆ ಈಗ ಸೆಕೆಂಡ್ ಗೇರೇ ಸಾಕು, ಹಿಂದಿನ ಬ್ರೇಕ್ ಒಂಚೂರು ಮುಟ್ಕೊಂಡು ಹೋದ್ರೆ ಬೈಕ್ ದಾರದಲ್ಲಿ ಕಟ್ಟಿದ ಹಾಗೆ ಹೋಗುತ್ತೆ. ಹಾಕಿದ್ ಮೇಲೆ ಚೈನ್ ಸಡಿಲ ಆಗುತ್ತೆ, ಟೈಟ್ ಮಾಡೋದು ಮರೀಬೇಡಿ. ಸ್ಪೀಡೋ ಸೆನ್ಸರ್ ಗೇರ್‌ಬಾಕ್ಸಲ್ಲಿದ್ರೆ ಸ್ಪೀಡೂ ಅಷ್ಟೇ ಶೇಕಡಾ ಜಾಸ್ತಿ ತೋರಿಸುತ್ತೆ, ವೀಲಲ್ಲಿದ್ರೆ ಏನೂ ಆಗಲ್ಲ. ಎರಡನೇದು ಆಕ್ಸಲರೇಟರ್ ಕೇಬಲ್‌ನ ಫ್ರೀ ಪ್ಲೇ (ರೇಸ್ ಹತ್ತೋಕೆ ಮುಂಚಿನ ಸಡಿಲ), ಹಳೇ ಓನರ್ ಅದನ್ನ ಬೆರಳಗಲ ಬಿಟ್ಟಿದ್ದ, 2-3 ಮಿಲಿಮೀಟರಿಗೆ ತಂದ ಮೇಲೆ ಅರ್ಧ ಜರ್ಕು ಅಲ್ಲೇ ಹೋಯ್ತು.

ದಂಡ ಆಗಿದ್ದೂ ಇದೆ. ಸೈಲೆನ್ಸರ್ ಪೈಪಿಗೆ ಬಟ್ಟೆ ತರ ಸುತ್ತೋ ವ್ರ್ಯಾಪ್ ಸುತ್ತಿಸ್ದೆ, ಬಿಸಿ ಸ್ವಲ್ಪ ಕಮ್ಮಿ ಅನ್ನಿಸ್ತು, ಮಳೆಗಾಲ ಮುಗಿದ ಮೇಲೆ ಬಿಚ್ಚಿ ನೋಡಿದ್ರೆ ಒಳಗೆ ನೀರು ಕುಡಿದು ಪೈಪೆಲ್ಲ ತುಕ್ಕು. ದುಬಾರಿ ಕೂಲಂಟ್ ಹಾಕಿದೆ, ಡ್ಯಾಶಲ್ಲಿ ಒಂದು ಡಿಗ್ರೀನೂ ಬದಲಾಗ್ಲಿಲ್ಲ, ನಿಂತ ಬೈಕಲ್ಲಿ ಕೂಲಂಟ್ ಬಿಸಿ ಎಲ್ಲಿಗೆ ಹೋಗ್ಬೇಕು, ಫ್ಯಾನ್ ಆನ್ ಆಗೋ ಡಿಗ್ರಿಗೆ ಬಂದೇ ಬರುತ್ತೆ. ಕ್ಲಚ್ ಹಗುರ ಆಗ್ಲಿ ಅಂತ ಇಂಜಿನ್ ಕಡೆ ಇರೋ ಕ್ಲಚ್ ಆರ್ಮ್ ಉದ್ದದ್ದು ಮಾಡಿಸಿ ಹಾಕಿದ್ದು ಮಾತ್ರ ಒಳ್ಳೇ ಪಾಠ. ಲಿವರ್ ಬೆಣ್ಣೆ ಹಾಗಾಯ್ತು, ಆದ್ರೆ ಪ್ಲೇಟ್ ಪೂರ್ತಿ ಬಿಡಿಸ್ಕೊಳ್ತಾನೇ ಇರ್ಲಿಲ್ಲ, ಸಿಗ್ನಲ್ಲಲ್ಲಿ ನ್ಯೂಟ್ರಲ್ ಹುಡುಕಿ ಹುಡುಕಿ ಸಾಕಾಯ್ತು, ಕ್ಲಚ್ ಹಿಡಿದ್ರೂ ಬೈಕ್ ಮುಂದಕ್ಕೆ ತೆವಳ್ತಿತ್ತು. ಒಂದೇ ವಾರಕ್ಕೆ ವಾಪಸ್ ಹಳೇದು, ಬದಲಿಗೆ ಹೊಸ ಕೇಬಲ್ ಹಾಕಿ ಚೂಪು ತಿರುವಿಲ್ಲದ ಹಾಗೆ ದಾರಿ ಬದಲಿಸಿ ಕಟ್ಟಿದೆ, ಅಷ್ಟೇ ಸಾಕಾಯ್ತು. ಹ್ಯಾಂಡಲ್ ಎರಡೂ ಕಡೆ 20 ಮಿಲಿಮೀಟರ್ ಕತ್ತರಿಸಿದ್ದು ಸಂದೀಲಿ ನುಗ್ಗೋಕೆ ಒಳ್ಳೇದೇ ಆಯ್ತು. ಬಲಗಾಲಿನ ಬಿಸಿಗೆ ಒಂದು ಸಣ್ಣ ತಗಡಿನ ಕೆಲಸ ಮಾಡಿದೀನಿ, ಅದನ್ನ ಇನ್ನೊಂದು ಬೇಸಿಗೆ ಓಡಿಸಿ ನೋಡಿದ ಮೇಲೆ ಹೇಳ್ತೀನಿ.

ಖರ್ಚು ನೆನಪಿಂದ ಹೇಳ್ಬೇಕಂದ್ರೆ, ಈ ಎಲ್ಲಾ ಪ್ರಯೋಗ ದಂಡ ಆಗಿದ್ದೂ ಸೇರಿ ಬೈಕ್ ಬೆಲೆಯ ಇಪ್ಪತ್ತನೇ ಒಂದು ಪಾಲು ಇರ್ಬೋದು, ಮೊದಲೆರಡು ಬೈಕ್ ಮಾರಿ ಕಳ್ಕೊಂಡ ದುಡ್ಡಿನ ಮುಂದೆ ಅದು ಚಿಲ್ಲರೆ. ಮೈಲೇಜು ಸಿಟೀಲಿ 19-20, ಮೊದಲನೇದರಲ್ಲಿ 13 ಸಿಕ್ಕಿದ್ರೆ ಅವತ್ತು ಒಳ್ಳೇ ದಿನ. ಆಯಿಲ್ ಮಾತ್ರ ಕಂಪನಿ ಹೇಳಿದ್ದಕ್ಕಿಂತ ಮುಂಚೆನೇ ಬದಲಾಯಿಸ್ತೀನಿ, ಮೀಟರಲ್ಲಿ ಕಿಲೋಮೀಟರ್ ಕಮ್ಮಿ ಓಡಿದ್ರೂ ಟ್ರಾಫಿಕ್ಕಲ್ಲಿ ಇಂಜಿನ್ ಓಡಿರೋ ಗಂಟೆ ಜಾಸ್ತಿ.

ಕ್ಲಚ್ ಸುಟ್ಟೋಗುತ್ತೆ ಅಂದಿದ್ರಲ್ಲ, ಹೋದ ತಿಂಗಳು ನಾನು ಓಡಿಸಿದ್ದೇ 22 ಸಾವಿರ ಕಿಲೋಮೀಟರ್ ಆದಾಗ ಬೇರೆ ಕೆಲಸಕ್ಕೆ ಗ್ಯಾರೇಜಲ್ಲಿ ಕ್ಲಚ್ ಕವರ್ ಬಿಚ್ಚಿದ್ರು. ಹೇಗೂ ಬಿಚ್ಚಿದೀರಲ್ಲ, ಪ್ಲೇಟ್ ತೆಗೀರಿ ಅಂತ ಹೇಳಿ ನಾನೇ ಪಕ್ಕದಲ್ಲಿ ನಿಂತು ವರ್ನಿಯರಲ್ಲಿ ಒಂದೊಂದೇ ಅಳೆಸಿದೆ. ಬಣ್ಣ ಕಪ್ಪಾಗಿಲ್ಲ, ಸುಟ್ಟ ವಾಸನೆ ಇಲ್ಲ, ದಪ್ಪ ಎಲ್ಲವೂ, ಬದಲಾಯಿಸ್ಬೇಕು ಅಂತ ಕಂಪನಿ ಹೇಳೋ ಸರ್ವೀಸ್ ಲಿಮಿಟ್‌ಗಿಂತ ಮೇಲೇ ಇದೆ. ಹಾಗೇ ಎಣ್ಣೆ ಸವರಿ ವಾಪಸ್ ಹಾಕಿಸ್ಕೊಂಡು ಬಂದೆ.