ಇಂಗ್ಲೆಂಡಿನಲ್ಲಿ ಅಂಡಾಶಯದ ಕ್ಯಾನ್ಸರ್: ಮೈಕ್ರೋ ಆರ್‌ಎನ್‌ಎ ಕೇಳುವ ಮೊದಲು ಜಿಪಿ ಹತ್ತಿರ ಹೋಗಿ

ಮೈಕ್ರೋ ಆರ್‌ಎನ್‌ಎ ಕಂಡುಹಿಡಿದ ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್ಕುನ್ ಇಬ್ಬರಿಗೂ 2024ರಲ್ಲಿ ನೊಬೆಲ್ ಬಂದ ಮೇಲೆ ನಮ್ಮ ಹಾಸನದ ವಾಟ್ಸಾಪ್ ಗುಂಪುಗಳಲ್ಲೂ ಅದರ ಸುದ್ದಿ ಓಡಾಡುತ್ತಿದೆ. "ಅಲ್ಲಿ ಅದರ ಟ್ರೀಟ್‌ಮೆಂಟ್ ಸಿಗುತ್ತಂತಲ್ಲ, ಚಿಕ್ಕಮ್ಮನಿಗೆ ಕೇಳಿ ನೋಡು" ಅಂತ ಊರಿಂದ ಫೋನ್ ಬರುತ್ತದೆ. ಸಿಗುವುದಿಲ್ಲ. ಇಂಗ್ಲೆಂಡ್ ಅಂತಲ್ಲ, ಎಲ್ಲಿಯೂ ಅದು ಕ್ಯಾನ್ಸರಿಗೆ ಒಪ್ಪಿಗೆ ಪಡೆದ ಔಷಧವಾಗಿಲ್ಲ. ದುಡ್ಡು ಕೊಟ್ಟರೆ ಕೊಡುತ್ತೇವೆ ಅನ್ನುವವರಿದ್ದರೆ ದೂರವಿರಿ.

ಹಾಗಂತ ಸುಳ್ಳು ಸುದ್ದಿಯೂ ಅಲ್ಲ. ಸುಮಾರು 22 ಅಕ್ಷರದಷ್ಟು ಉದ್ದದ ಈ ಆರ್‌ಎನ್‌ಎ ತುಣುಕುಗಳು ಜೀನಿನ ಸಂದೇಶ ಪ್ರೋಟೀನ್ ಆಗದಂತೆ ತಡೆಯುತ್ತವೆ. ಅಂಡಾಶಯದ ಗಡ್ಡೆಯಲ್ಲಿ ಮಿಆರ್-214 ಎಂಬ ಮೈಕ್ರೋ ಆರ್‌ಎನ್‌ಎ ಹೆಚ್ಚಾದರೆ, ಗಡ್ಡೆಗೆ ಕಡಿವಾಣ ಹಾಕುವ ಪಿಟೆನ್ ಪ್ರೋಟೀನ್ ಕುಗ್ಗಿ ಸಿಸ್ಪ್ಲಾಟಿನ್ ಎಂಬ ಕೀಮೋ ಔಷಧ ನಾಟುವುದಿಲ್ಲ. ಮಿಆರ್-200ಸಿ ಕಡಿಮೆಯಾದರೆ ಪ್ಯಾಕ್ಲಿಟಾಕ್ಸೆಲ್ ಎಂಬ ಇನ್ನೊಂದು ಕೀಮೋ ಔಷಧದ ಕೆಲಸ ಕುಂಟುತ್ತದೆ. ಹೆಚ್ಚಿದ್ದನ್ನು ತಗ್ಗಿಸಿ, ಕಡಿಮೆಯಾದದ್ದನ್ನು ತುಂಬಿದರೆ ಕೀಮೋ ಮತ್ತೆ ಹಿಡಿಯಬಹುದು ಎಂಬುದು ಲೆಕ್ಕ. ಆದರೆ ಗಡ್ಡೆಯವರೆಗೆ ತಲುಪಿಸುವುದೇ ಕಷ್ಟ. ಮಿಆರ್-34ಎಯ ತದ್ರೂಪಾದ ಎಂಆರ್‌ಎಕ್ಸ್34 ಎಂಬ ಔಷಧವನ್ನು 2013ರಲ್ಲಿ ಪ್ರಯೋಗವಾಗಿ ರೋಗಿಗಳಿಗೆ ಕೊಡತೊಡಗಿದ್ದರು. ರೋಗನಿರೋಧಕ ವ್ಯವಸ್ಥೆ ವಿಪರೀತ ಕೆರಳಿದ್ದರಿಂದ 2016ರಲ್ಲಿ ಪ್ರಯೋಗ ನಿಂತಿತು.

ಈಗ ಇಲ್ಲಿನ ದಾರಿ. ಹಾಸನದಲ್ಲಾದರೆ ಸ್ಕ್ಯಾನಿಂಗ್ ಸೆಂಟರಿಗೆ ಹೋಗಿ ಸಂಜೆಯೊಳಗೆ ರಿಪೋರ್ಟ್ ಹಿಡಿದುಕೊಂಡು ಬರುತ್ತೇವೆ. ಎನ್‌ಎಚ್‌ಎಸ್‌ನಲ್ಲಿ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಎಲ್ಲವೂ ಜಿಪಿ, ಅಂದರೆ ಹತ್ತಿರದ ಫ್ಯಾಮಿಲಿ ಡಾಕ್ಟರ್ ಮೂಲಕವೇ. ಹೆಸರು ನೋಂದಾಯಿಸಲು ವಿಳಾಸದ ಪುರಾವೆ, ವೀಸಾ ಕಾಗದ ಕಡ್ಡಾಯವಲ್ಲ. ಹೊಟ್ಟೆ ಉಬ್ಬರ, ನಾಲ್ಕು ತುತ್ತಿಗೇ ಸಾಕೆನಿಸುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರ: ಇವು ತಿಂಗಳಿಗೆ 12ಕ್ಕಿಂತ ಹೆಚ್ಚು ಸಲ ಬಂದರೆ, ಅದರಲ್ಲೂ ವಯಸ್ಸು 50 ದಾಟಿದ್ದರೆ, ಸಿಎ125 (ಅಂಡಾಶಯದ ಕ್ಯಾನ್ಸರಿನಲ್ಲಿ ಹೆಚ್ಚಾಗಬಹುದಾದ ಪ್ರೋಟೀನ್) ರಕ್ತಪರೀಕ್ಷೆ ಮಾಡಬೇಕೆಂದು ಇಲ್ಲಿನ ಮಾರ್ಗಸೂಚಿಯೇ ಹೇಳುತ್ತದೆ. ಅದರ ಫಲಿತಾಂಶ 35 ಅಥವಾ ಮೇಲಿದ್ದರೆ ಅಲ್ಟ್ರಾಸೌಂಡ್. ನಮ್ಮ ಹೆಂಗಸರು ಇದನ್ನೆಲ್ಲ "ಗ್ಯಾಸ್ಟ್ರಿಕ್" ಅಂತ ಜೀರಿಗೆ ಕಷಾಯದಲ್ಲಿ ಮುಗಿಸುತ್ತಾರೆ. ಅದಕ್ಕೇ ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುತ್ತಿದ್ದ ಹಾಗೆ, ಹೊಟ್ಟೆ ಉಬ್ಬಿದ ದಿನಕ್ಕೆಲ್ಲ ಒಂದು ಚುಕ್ಕೆ ಹಾಕಿ ಫೋಟೋ ತೋರಿಸಿ. "ಆಗಾಗ ಆಗುತ್ತೆ" ಅನ್ನುವುದಕ್ಕಿಂತ ಜಿಪಿಗೆ ಅದು ಬೇಗ ಅರ್ಥವಾಗುತ್ತದೆ. ಸಿಎ125 ಸರಿಯಿದ್ದೂ ತೊಂದರೆ ಮುಂದುವರಿದರೆ ಮತ್ತೆ ಹೋಗಿ, ಸಂಕೋಚ ಬೇಡ.

ಸಂಕೋಚ ಅಂದೆನಲ್ಲ, ಮಗ ದುಭಾಷಿಯಾಗಿ ಕೂತರೆ ಅಮ್ಮ ಅರ್ಧ ನುಂಗಿಬಿಡುತ್ತಾರೆ. ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕನ್ನಡ ದುಭಾಷಿ ಬೇಕೆಂದು ಕೇಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಜಿಪಿಯಿಂದ ಆಸ್ಪತ್ರೆಗೆ ತುರ್ತು ರೆಫರಲ್ ಆದಮೇಲೆ 28 ದಿನದೊಳಗೆ ಕ್ಯಾನ್ಸರ್ ಹೌದೋ ಅಲ್ಲವೋ ತಿಳಿಸುವುದು ಗುರಿ. ಗುರಿ ಅಷ್ಟೇ, ಖಾತರಿಯಲ್ಲ. ಆಮೇಲೆ ನಿಮಗೊಬ್ಬ ಸ್ಪೆಷಲಿಸ್ಟ್ ನರ್ಸ್ ಸಿಗುತ್ತಾರೆ. ಡಾಕ್ಟರಿಗಿಂತ ಅವರ ನಂಬರೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ವಂಶದಲ್ಲಿ ಹರಿದು ಬರುವ ಕ್ಯಾನ್ಸರಿಗೆ ಸಂಬಂಧಿಸಿದ ಬಿಆರ್‌ಸಿಎ ಜೀನ್ ಪರೀಕ್ಷೆಯನ್ನು ಅವರ ಹತ್ತಿರ ವಿಚಾರಿಸಿ. ಅದರಲ್ಲಿ ದೋಷ ಕಂಡರೆ ಓಲಾಪರಿಬ್‌ನಂಥ ಮಾತ್ರೆಯ ದಾರಿ ತೆರೆಯುತ್ತದೆ, ಊರಲ್ಲಿರುವ ಅಕ್ಕತಂಗಿಯರೂ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ. ಈ ದೋಷ ಅಪ್ಪನ ಕಡೆಯಿಂದಲೂ ಬರಬಹುದು. ಮೈಕ್ರೋ ಆರ್‌ಎನ್‌ಎ ಸಂಶೋಧನೆಗೆ ರಕ್ತ, ಗಡ್ಡೆಯ ತುಣುಕು ಕೇಳಿದರೆ ಒಪ್ಪಿಗೆ ಪತ್ರ ಓದಿಯೇ ಸಹಿ ಮಾಡಿ. ಕಾರಣ ಹೇಳದೆ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ನಿಮ್ಮ ಚಿಕಿತ್ಸೆಗೆ ಅದರಿಂದ ಏನೂ ಆಗುವುದಿಲ್ಲ.

ಕ್ಯಾನ್ಸರ್ ರೋಗಿಗೆ ಇಲ್ಲಿ ಔಷಧ ಚೀಟಿಯ ಶುಲ್ಕವಿಲ್ಲ. ಅದಕ್ಕೆ ಅರ್ಜಿ ಹಾಕುವ ಎಫ್‌ಪಿ92ಎ ಫಾರ್ಮ್ ಜಿಪಿ ಬಳಿಯೇ ಇರುತ್ತದೆ.

ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮಂದಿರ ಕಥೆ ಬೇರೆ. ಜಿಪಿ ನೋಡುವುದು ಅವರಿಗೂ ಉಚಿತ, ಆದರೆ ಆಸ್ಪತ್ರೆ ಚಿಕಿತ್ಸೆಗೆ ಎನ್‌ಎಚ್‌ಎಸ್ ದರದ 150% ಬಿಲ್. ತುರ್ತು ಚಿಕಿತ್ಸೆಯನ್ನು ದುಡ್ಡಿಲ್ಲವೆಂದು ನಿಲ್ಲಿಸುವುದಿಲ್ಲ, ಬಿಲ್ ಆಮೇಲೆ ಬರುತ್ತದೆ. 500 ಪೌಂಡ್ ಅಥವಾ ಹೆಚ್ಚು ಬಾಕಿ ಉಳಿದರೆ ಮುಂದಿನ ವೀಸಾ ತಿರಸ್ಕಾರವಾಗಬಹುದು. ಕಂತಿನಲ್ಲಿ ಕಟ್ಟುತ್ತೇವೆಂದು ಆಸ್ಪತ್ರೆಯ ಓವರ್‌ಸೀಸ್ ವಿಭಾಗದ ಜೊತೆ ಮೊದಲೇ ಮಾತಾಡಿಕೊಳ್ಳಿ.