ಒಂದು ಸಿಮ್‌ಗೆ ಒಂದೇ ಹೆಬ್ಬೆಟ್ಟು

ಸಾಗರದ ಪೇಟೆಯಲ್ಲಿ ನಾನು ರೀಚಾರ್ಜ್ ಅಂಗಡಿ ಇಟ್ಟದ್ದು 2009ರಲ್ಲಿ. ಸಿಮ್ ಬೇಕೆಂದು ಬಂದವರಿಂದ ಆಗ ಒಂದು ಫಾರಂ ತುಂಬಿಸಿ, ಪಾಸ್‌ಪೋರ್ಟ್ ಅಳತೆಯ ಫೋಟೊ ಮತ್ತು ವೋಟರ್ ಐಡಿಯ ಝೆರಾಕ್ಸ್ ತೆಗೆದುಕೊಳ್ಳುತ್ತಿದ್ದೆವು. ಡಿಸ್ಟ್ರಿಬ್ಯೂಟರ್ ಹುಡುಗ ಬಂದಾಗ ಕಟ್ಟು ಕೊಟ್ಟುಬಿಟ್ಟರೆ ನಮ್ಮ ಕೆಲಸ ಮುಗಿಯಿತು. ಝೆರಾಕ್ಸ್ ಮಸುಕಾಗಿದ್ದರೆ ಫಾರಂ ವಾಪಸ್ ಬರುತ್ತಿತ್ತು. ಅದೊಂದು ಕಾರಣಕ್ಕೆ ಗಿರಾಕಿಯನ್ನು ಮತ್ತೆ ಹಳ್ಳಿಯಿಂದ ಕರೆಸುವುದು ಬೇಡವೆಂದು ಎಲ್ಲರ ಹತ್ತಿರವೂ ಎರಡೆರಡು ಪ್ರತಿ ಇಸಿದುಕೊಳ್ಳುತ್ತಿದ್ದೆ. ಒಂದು ಕಟ್ಟಿನ ಜೊತೆ ಹೋಗುತ್ತಿತ್ತು, ಇನ್ನೊಂದು ನನ್ನ ಡ್ರಾಯರಿನಲ್ಲಿ ಉಳಿಯುತ್ತಿತ್ತು.

2012ರ ನವೆಂಬರಿನಿಂದ ನಿಯಮ ಬಿಗಿಯಾಯಿತು. ಸುಪ್ರೀಂ ಕೋರ್ಟಿಗೆ ಹೋಗಿದ್ದ ಒಂದು ಅರ್ಜಿಯ ನಂತರ ದೂರಸಂಪರ್ಕ ಇಲಾಖೆ ಹೊಸ ಸೂಚನೆ ಹೊರಡಿಸಿತು. ಗಿರಾಕಿಯನ್ನು ಕಣ್ಣಾರೆ ನೋಡಿದ್ದೇನೆ, ಮೂಲ ದಾಖಲೆಯ ಜೊತೆ ತಾಳೆ ನೋಡಿದ್ದೇನೆ ಎಂದು ಮಾರುವವನೂ ಬರೆದುಕೊಡಬೇಕಾಯಿತು. ನಾನು ಅದನ್ನು ಚಾಚೂ ತಪ್ಪದೆ ಮಾಡಿದೆ. ಆದರೆ ಡ್ರಾಯರಿನ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಮುಂದೊಂದು ಮಳೆಗಾಲದಲ್ಲಿ ಹೆಂಚು ಸರಿದು ಅಂಗಡಿ ಸೋರಿತು. ಒದ್ದೆಯಾದ ಝೆರಾಕ್ಸ್‌ಗಳನ್ನು ನೆಲದ ಮೇಲೆ ಹರಡಿದ್ದೆ. ಹೆಸರು, ಗಂಡನ ಹೆಸರು, ಊರು, ವಯಸ್ಸು, ಮುಖ, ಎಲ್ಲ ಅಲ್ಲಿ ಬಿದ್ದಿತ್ತು. ಅದೇ ಹೊತ್ತಿಗೆ ಬಂದ ಪರಿಚಯದ ಇನ್ನೊಬ್ಬ ಅಂಗಡಿಯವ ಬಗ್ಗಿ ನೋಡಿ, "ಒಂದು ಇಪ್ಪತ್ತು ನನಗೆ ಕೊಡು ಮಾರಾಯ, ಈ ತಿಂಗಳ ಟಾರ್ಗೆಟ್ ಮುಟ್ಟಿಲ್ಲ" ಅಂದ. ಕೇಡು ಮಾಡುವ ಮನುಷ್ಯನಲ್ಲ ಅವನು, ಹಾಲಿನ ಪ್ಯಾಕೆಟ್ ಸಾಲ ಕೇಳುವ ಧಾಟಿಯಲ್ಲೇ ಕೇಳಿದ. ಯಾರದೋ ಹೆಸರಿನ ಸಿಮ್ ಇನ್ಯಾರದೋ ಕೈಗೆ ಹೇಗೆ ಹೋಗುತ್ತದೆ ಎನ್ನುವುದು ನನಗೆ ಅಂದು ಅರ್ಥವಾಯಿತು. ಸಂಜೆ ಅಷ್ಟನ್ನೂ ಮನೆಗೆ ಹೊತ್ತು ತಂದು ಬಚ್ಚಲ ಒಲೆಗೆ ಹಾಕಿದೆ. ಒದ್ದೆ ಕಾಗದ ಬೇಗ ಉರಿಯಲಿಲ್ಲ, ಮೂರು ದಿನ ಹಿಡಿಯಿತು.

2016ರಲ್ಲಿ ಆಧಾರ್ ಇ-ಕೆವೈಸಿ ಬಂತು. ಬೆರಳಿಟ್ಟರೆ ಸಾಕು, ಹೆಸರು ವಿಳಾಸ ತಾನೇ ತುಂಬಿಕೊಳ್ಳುತ್ತಿತ್ತು. ಝೆರಾಕ್ಸ್ ತೊಲಗಿತಲ್ಲ ಎಂದು ನೆಮ್ಮದಿಯಾಯಿತು. 2017ರ ಮಾರ್ಚಿನಲ್ಲಿ, ಹಳೆಯ ನಂಬರುಗಳನ್ನೂ ಆಧಾರ್ ಮೂಲಕ ಮರುಪರಿಶೀಲನೆ ಮಾಡಿಸಬೇಕು ಎನ್ನುವ ಸುತ್ತೋಲೆ ಬಂತು. 2018ರ ಫೆಬ್ರವರಿ 6 ಮೊದಲ ಗಡುವು. "ಸುಪ್ರೀಂ ಕೋರ್ಟ್ ಹೇಳಿದೆ, ಮಾಡಿಸದಿದ್ದರೆ ನಂಬರ್ ಕಟ್ ಆಗ್ತದೆ" ಎಂದು ಬಂದವರಿಗೆಲ್ಲ ನಾನೇ ಹೇಳಿದ್ದೇನೆ. ಲಿಂಕ್ ಮಾಡಿ ಎಂದು ತಾನು ಆದೇಶಿಸಿರಲಿಲ್ಲವೆಂದು ಕೋರ್ಟೇ ಮುಂದೆ ವಿಚಾರಣೆಯಲ್ಲಿ ಹೇಳಿತು. ಎಷ್ಟು ಜನ ಒಂದು ದಿನದ ಕೂಲಿ ಬಿಟ್ಟು ಬಂದು ನನ್ನ ಅಂಗಡಿ ಮುಂದೆ ಸಾಲು ನಿಂತಿದ್ದರು! ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ನಮ್ಮ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಪ್ರಶ್ನಿಸಿ ಕೋರ್ಟಿಗೆ ಹೋಗಿದ್ದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಮೊಬೈಲ್ ಲಿಂಕ್ ಮಾಡುವ ಸುತ್ತೋಲೆಯೇ ಬಿದ್ದುಹೋಯಿತು. 2019ರ ತಿದ್ದುಪಡಿಯ ನಂತರ ಆಧಾರ್ ಮತ್ತೆ ಬಂದಿದೆ, ಆದರೆ ಗಿರಾಕಿ ಒಪ್ಪಿದರೆ ಮಾತ್ರ. ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್ ತೋರಿಸಿಯೂ ಸಿಮ್ ತೆಗೆದುಕೊಳ್ಳಬಹುದು. ಇದನ್ನು ನಾನು ಪ್ರತಿಯೊಬ್ಬರಿಗೂ ಬಾಯಿಬಿಟ್ಟು ಹೇಳುತ್ತೇನೆ. ಹೆಚ್ಚಿನವರು ಆಧಾರನ್ನೇ ಕೊಡುತ್ತಾರೆ. ಕೊಡಲಿ, ಆದರೆ ಬೇರೆ ದಾರಿ ಇದೆ ಎಂದು ತಿಳಿದು ಕೊಡಲಿ.

ನಾನು ಅಂಗಡಿ ನಡೆಸುವ ರೀತಿಯನ್ನೇ ಬದಲಿಸಿದ್ದು ಅಡಿಕೆ ಸುಲಿಯುವ ಒಬ್ಬ ಅಮ್ಮನಿಂದ. 2023ರ ಕೊಯ್ಲಿನ ಸಮಯ. ಅವರ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಬೇಕಿತ್ತು. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಮೂವತ್ತು ವರ್ಷ ಕೂತ ಕೈ ಅದು. ಹೆಬ್ಬೆರಳಿನ ತುದಿ ಅಡಿಕೆಯ ಕಪ್ಪು ಚೊಗರು ಕುಡಿದು ನುಣ್ಣಗಾಗಿತ್ತು, ಗೆರೆಗಳೇ ಕಾಣುತ್ತಿರಲಿಲ್ಲ. ಮಷಿನ್ ಎರಡು ಸಲ ಒಪ್ಪಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿಕೊಟ್ಟು, ಉಂಗುರದ ಬೆರಳು ಇಡಿ ಅಂದೆ.

"ಸಂತೆಯಾಗೂ ಹಿಂಗೇ ಆಯ್ತು ತಮ್ಮ. ಛತ್ರಿ ಹಾಕ್ಕೊಂಡು ಫ್ರೀ ಸಿಮ್ ಕೊಡೋ ಹುಡುಗ್ರು ಮೂರ್ ಸಲ ಇಡ್ಸಿದ್ರು. ಸರ್ವರ್ ಇಲ್ಲ ಅಂದ್ರು" ಅಂದರು.

ಒಮ್ಮೆ ಬಿದ್ದ ಬೆರಳನ್ನೇ "ಬಿದ್ದಿಲ್ಲ" ಎಂದು ಹೇಳಿ ಮತ್ತೆ ಇಡಿಸಿದರೆ, ಎರಡನೇ ಒತ್ತಿಗೆ ಎರಡನೇ ಸಿಮ್ ಚಾಲೂ ಆಗುತ್ತದೆ. ಗಿರಾಕಿಯ ಕೈಗೆ ಒಂದು, ಹುಡುಗನ ಜೇಬಿಗೆ ಇನ್ನೊಂದು. ಇದನ್ನು ಈ ಕಸುಬಿನಲ್ಲಿ ಇರುವವರು ಕೇಳಿಯೇ ಇರುತ್ತಾರೆ. 2023ರ ಮೇ ತಿಂಗಳಲ್ಲಿ ಶುರುವಾಗಿದ್ದ ಸಂಚಾರ್ ಸಾಥಿ ತಾಣದಲ್ಲಿ, ನಮ್ಮ ಹೆಸರಿನಲ್ಲಿ ಎಷ್ಟು ನಂಬರುಗಳಿವೆ ಎಂದು ನೋಡುವ ಅನುಕೂಲ ಇದೆ. ಅಮ್ಮನ ನಂಬರ್ ಹಾಕಿ, ಅವರ ಫೋನಿಗೆ ಬಂದ ಒಟಿಪಿ ಅವರಿಂದಲೇ ಒತ್ತಿಸಿದೆ. ನಾಲ್ಕು ನಂಬರ್ ಬಂತು. ಒಂದು ಅವರದು, ಒಂದು ಮೊಮ್ಮಗನ ಕೈಯಲ್ಲಿರುವುದು. ಉಳಿದ ಎರಡು ಯಾವುವೆಂದು ಅವರಿಗೂ ಗೊತ್ತಿಲ್ಲ, ಮನೆಯವರಿಗೂ ಗೊತ್ತಿಲ್ಲ.

"ಪೊಲೀಸ್ರು ಬರ್ತಾರಾ?" ಅಂತ ಕೇಳಿದರು. ಅವರ ಧ್ವನಿಯೇ ಇಳಿದುಹೋಗಿತ್ತು. ಆ ಎರಡಕ್ಕೂ "ನನ್ನ ನಂಬರ್ ಅಲ್ಲ" ಎಂದು ಗುರುತು ಹಾಕಿ ದೂರು ಕಳಿಸಿದೆವು. ಬಂದ ರೆಫರೆನ್ಸ್ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟು, ಯಾರಾದರೂ ಕೇಳಿದರೆ ಇದನ್ನು ತೋರಿಸಿ ಅಂದೆ. ಚೀಟಿಯನ್ನು ಎಲೆಅಡಿಕೆ ಸಂಚಿಯ ಒಳಪದರದಲ್ಲಿ ಇಟ್ಟುಕೊಂಡರು. ಎರಡೂ ನಂಬರ್ ಪಟ್ಟಿಯಿಂದ ಹೋಗುವವರೆಗೆ ನಾವಿಬ್ಬರೂ ಆಗಾಗ ಕೂತು ನೋಡುತ್ತಿದ್ದೆವು.

ಗುರುತು ಕೇಳುವುದೇ ತಪ್ಪು ಎನ್ನುವವನಲ್ಲ ನಾನು. ಗಿರಾಕಿಯೊಬ್ಬರ ಮಗ ಇಂಗ್ಲೆಂಡಿಗೆ ಓದಲು ಹೋದವನು, ಅಲ್ಲಿ ಸೂಪರ್ ಮಾರ್ಕೆಟಿನಲ್ಲಿ ದಿನಸಿಯ ಜೊತೆಗೇ ಪ್ರಿಪೇಯ್ಡ್ ಸಿಮ್ ತಗೊಂಡೆ, ಯಾರೂ ಗುರುತಿನ ಚೀಟಿ ಕೇಳಲಿಲ್ಲ ಎಂದಾಗ ಆಶ್ಚರ್ಯಪಟ್ಟಿದ್ದೆ. ಅಲ್ಲಿ ಹಾಗೂ ನಡೆಯುತ್ತದೆ. ನಮ್ಮಲ್ಲಿ, ಬೆದರಿಕೆ ಕರೆ ಬಂದು ಹೆಣ್ಣುಮಗಳೊಬ್ಬಳು ಠಾಣೆಗೆ ಹೋದಾಗ ಆ ನಂಬರಿನ ಹಿಂದೆ ಒಂದು ಹೆಸರು ಸಿಗಲಿ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಸಿಗುವ ಹೆಸರು ಈ ಅಮ್ಮನದೇ ಆಗಿದ್ದರೆ? ಮೋಸ ಮಾಡುವವನು ತನ್ನ ಹೆಸರಿನ ಸಿಮ್‌ನಿಂದ ಮಾಡುವುದಿಲ್ಲ. ಓದುಬರಹ ಬಾರದವರ ಬೆರಳು ಹುಡುಕಿಕೊಂಡು ಬರುತ್ತಾನೆ. 2023ರ ಟೆಲಿಕಾಂ ಕಾಯ್ದೆಯಲ್ಲಿ, ಮೋಸದಿಂದ ಸಿಮ್ ಪಡೆದರೆ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ. ಆದರೆ ಸಂತೆಯಲ್ಲಿ ಬೆರಳು ಕೊಟ್ಟು ಬಂದವರಿಗೆ ಆ ಕಾಯ್ದೆ ಇದೆ ಎಂದಷ್ಟಕ್ಕೇ ರಾತ್ರಿ ನೆಮ್ಮದಿಯ ನಿದ್ದೆ ಬರುವುದಿಲ್ಲ.

ಆಮೇಲೆ ನಾನು ಮೊದಲು ಮಾಡಿದ ಕೆಲಸ, ಕೌಂಟರಿನ ಮೇಲಿನ ಫೋನನ್ನು ಗಿರಾಕಿಯ ಕಡೆ ತಿರುಗಿಸಿ ಇಟ್ಟದ್ದು. ಬೆರಳು ಬಿದ್ದರೆ ಏನು ಕಾಣುತ್ತದೆ, ಬೀಳದಿದ್ದರೆ ಏನು ಬರುತ್ತದೆ ಎಂದು ಮೊದಲೇ ಹೇಳಿಕೊಡುತ್ತೇನೆ. ಸಂಶಯ ಇರುವವರಿಗೆ, ಆಧಾರ್ ಕೊಡುವ ಪ್ರಾಧಿಕಾರವಾದ ಯುಐಡಿಎಐಯ ತಾಣದಲ್ಲಿ ಅವರ ಆಧಾರ್ ದೃಢೀಕರಣದ ಇತಿಹಾಸ ತೆಗೆದು ತೋರಿಸುತ್ತೇನೆ. ಹಿಂದಿನ 6 ತಿಂಗಳಲ್ಲಿ ಎಲ್ಲೆಲ್ಲಿ ಬೆರಳು, ಒಟಿಪಿ ಬಳಕೆಯಾಗಿದೆ ಎಂದು ಅದರಲ್ಲಿ ದಿನಾಂಕ ಸಮೇತ ಕಾಣುತ್ತದೆ. ಬೆರಳೊತ್ತಿದರೂ ಆಧಾರ್ ಒಪ್ಪದಂತೆ ಬಯೋಮೆಟ್ರಿಕ್ ಲಾಕ್ ಮಾಡಿಡಬಹುದು ಎಂದು ಓದುಬರಹ ಬಲ್ಲವರಿಗೆ ಹೇಳುತ್ತೇನೆ. ರೇಷನ್ ಅಂಗಡಿಯಲ್ಲಿ ತಿಂಗಳಿಗೊಮ್ಮೆ ಹೆಬ್ಬೆಟ್ಟು ಒತ್ತಬೇಕಾದವರಿಗೆ ಮಾತ್ರ ಯೋಚಿಸಿ ಹೇಳಬೇಕು. ಲಾಕ್ ತೆಗೆಯಲು ಬಾರದೆ ಅಕ್ಕಿ ಸಿಗದೆ ಹೋದರೆ ಅದಕ್ಕೆ ನಾನೇ ಹೊಣೆ.

2024ರ ಜನವರಿಯಿಂದ ಕಾಗದದ ಕೆವೈಸಿ ನಿಂತಿದೆ. ದಾಖಲೆಯನ್ನೂ ಗಿರಾಕಿಯ ಮುಖವನ್ನೂ ಕಂಪನಿಯ ಆ್ಯಪ್‌ನಲ್ಲೇ ಫೋಟೊ ತೆಗೆಯಬೇಕು. ಆದರೂ "ವಾಟ್ಸಾಪ್ ಮಾಡ್ತೀನಿ, ಸಿಮ್ ರೆಡಿ ಮಾಡಿಡಿ" ಎನ್ನುವವರು ಇದ್ದಾರೆ. ಕಳಿಸಬೇಡಿ, ನೀವೇ ಬನ್ನಿ ಅನ್ನುತ್ತೇನೆ. ಕಳಿಸಿಬಿಟ್ಟಿದ್ದರೆ ಅವರ ಎದುರಿಗೇ ಅಳಿಸುತ್ತೇನೆ. ಬೇರೆ ಕೆಲಸಕ್ಕೆ ಆಧಾರ್ ಪ್ರಿಂಟ್ ಕೇಳಿದವರಿಗೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ತೆಗೆದುಕೊಡುತ್ತೇನೆ. ಇದನ್ನೇ ಬಳಸಿ, ಸಿಕ್ಕಸಿಕ್ಕವರಿಗೆ ಪೂರ್ತಿ ಪ್ರತಿ ಕೊಡಬೇಡಿ ಎಂದು ಯುಐಡಿಎಐ ಬೆಂಗಳೂರು ಕಚೇರಿ 2022ರ ಮೇ 27ರಂದು ಹೇಳಿತ್ತು. ಎರಡೇ ದಿನದಲ್ಲಿ ಆ ಪ್ರಕಟಣೆ ವಾಪಸಾಯಿತು. ನನಗೆ ಆ ಮಾತು ಸರಿಯೆಂದೇ ಕಂಡಿತ್ತು, ಪಾಲಿಸುತ್ತಿದ್ದೇನೆ.

ಕಾನೂನಿನಲ್ಲಿ ಎಲ್ಲೂ ಇಲ್ಲದ ಒಂದು ವಿಷಯ ಕಲಿಸಿದ್ದು ಕಾಲೇಜು ಹುಡುಗಿಯೊಬ್ಬಳು. ರೀಚಾರ್ಜ್ ನಂಬರುಗಳನ್ನು ನಾನು ಉದ್ದ ನೋಟ್‌ಬುಕ್ಕಿನಲ್ಲಿ ಬರೆದು ಕೌಂಟರಿನ ಮೇಲೇ ಬಿಡುತ್ತಿದ್ದೆ. "ಅಣ್ಣ, ಬುಕ್ಕಲ್ಲಿ ಬರೀಬೇಡಿ, ನಾನೇ ಒತ್ತಿಕೊಡ್ತೀನಿ" ಅಂದಳು. ಹಿಂದಿನ ತಿಂಗಳು ಅವಳು ಹೋದಮೇಲೆ ಯಾರೋ ಪುಟ ನೋಡಿ ನಂಬರ್ ತೆಗೆದುಕೊಂಡು, ಹದಿನೈದು ದಿನ ರಾತ್ರಿ ಹೊತ್ತು ಕರೆ ಮಾಡಿದ್ದರಂತೆ. ಮನೆಯಲ್ಲಿ ಹೇಳಲು ಹೆದರಿ ಫೋನ್ ಆಫ್ ಮಾಡಿ ಮಲಗುತ್ತಿದ್ದಳು. ನೋಟ್‌ಬುಕ್ ಅವತ್ತೇ ನಿಂತಿತು. ಈಗ ಫೋನನ್ನು ಗಿರಾಕಿಯ ಕೈಗೆ ಕೊಡುತ್ತೇನೆ, ಅವರೇ ಒತ್ತುತ್ತಾರೆ. ಜೋರಾಗಿ ನಂಬರ್ ಹೇಳಬೇಡಿ ಎಂದು ಗೋಡೆಗೆ ಬರೆದು ಹಾಕಿದ್ದೇನೆ.

ಹೋದ ಕೊಯ್ಲಿಗೆ ಅಡಿಕೆ ಸುಲಿಯುವ ಅಮ್ಮ ಮತ್ತೆ ಬಂದಿದ್ದರು, ಮೊಮ್ಮಗಳಿಗೆ ಸಿಮ್ ಬೇಕೆಂದು. ಅವಳಿಗಿನ್ನೂ ಹದಿನೆಂಟು ತುಂಬಿಲ್ಲವಾದ್ದರಿಂದ ಅಮ್ಮನ ಹೆಸರಿನಲ್ಲೇ ತೆಗೆದುಕೊಳ್ಳಬೇಕಿತ್ತು. ಉಂಗುರದ ಬೆರಳನ್ನು ತಾವೇ ಸೆರಗಿನಲ್ಲಿ ಒರೆಸಿಕೊಂಡು ಮಷಿನ್ ಮೇಲೆ ಇಟ್ಟರು. ಮೊದಲ ಸಲಕ್ಕೇ ಬಿತ್ತು. ಪರದೆ ನೋಡಿ, "ಬಿತ್ತಲ್ಲ?" ಎಂದು ಕೇಳಿ, ನಾನು ಹೂಂ ಅನ್ನುವಷ್ಟರಲ್ಲಿ ಕೈ ಹಿಂದಕ್ಕೆ ತೆಗೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡರು.