ಪಿನ್‌ಕೋಡ್ ಒಡೆಯಲು ಕುಳಿತಾಗ

ದಾವಣಗೆರೆಯ ಕೊರಿಯರ್ ಅಂಗಡಿಯಲ್ಲಿ ದಿನವಿಡೀ 577001 ಎಂದು ಬರೆಯುವವನು ನಾನು. ಕರೆಂಟು ಹೋಗಿದ್ದ ಒಂದು ಮಧ್ಯಾಹ್ನ, ಇದು ಅವಿಭಾಜ್ಯ ಸಂಖ್ಯೆಯೇ ಎಂಬ ಅನುಮಾನ ಬಂದಿತು. ರದ್ದಾದ ರಸೀದಿಯ ಬೆನ್ನಿಗೆ ಲೆಕ್ಕ ಶುರುಮಾಡಿದೆ.

ಅಂಕಿಗಳ ಮೊತ್ತ 20, ಹಾಗಾಗಿ 3 ಇಲ್ಲ. 7, 11, 13 ಮೂರಕ್ಕೂ ನನ್ನದು ಒಂದೇ ಏಟು: ಅವುಗಳ ಗುಣಲಬ್ಧ 1001 ಆದ್ದರಿಂದ, ಮೊದಲ ಮೂರಂಕಿಗೂ ಕೊನೆಯ ಮೂರಂಕಿಗೂ ಇರುವ ವ್ಯತ್ಯಾಸವನ್ನು ಭಾಗಿಸಿ ನೋಡಿದರೆ ಸಾಕು. ಬಂದದ್ದು 576, ಮೂರೂ ಹೋಗಲಿಲ್ಲ. 17, 19 ದಾಟಿ 23ಕ್ಕೆ ಬಂದಾಗ ದಾವಣಗೆರೆ ಒಡೆಯಿತು: 23 × 25087. ಈ 25087 ಅವಿಭಾಜ್ಯ.

ಇಷ್ಟು ಸುಲಭವಾದರೆ ರುಚಿಯೇನು? ಚಿತ್ರದುರ್ಗದ 577501 ಬರೆದುಕೊಂಡೆ. ಬಲು ಚೆಲುವಾದ ಸಂಖ್ಯೆ. ಒಂದು ಕಳೆದರೆ ಬರುವ 577500, 2 × 3 × 5 × 7 × 11 ಅಂದರೆ 2310ರ ಸರಿಯಾಗಿ 250 ಪಟ್ಟು. ಹಾಗಾಗಿ ಆ ಐದರಲ್ಲಿ ಯಾವುದರಿಂದ ಭಾಗಿಸಿದರೂ ಶೇಷ 1. ಅವಿಭಾಜ್ಯಗಳಿಗೆ ಕೊನೆಯಿಲ್ಲವೆಂದು ಯೂಕ್ಲಿಡ್ ತೋರಿಸಿದ್ದು, ಪಟ್ಟಿಯ ಅವಿಭಾಜ್ಯಗಳನ್ನೆಲ್ಲ ಗುಣಿಸಿ 1 ಕೂಡಿಸುವ ಇಂಥದೇ ಉಪಾಯದಿಂದ. ಪಟ್ಟಿಯಲ್ಲಿಲ್ಲದ ಅವಿಭಾಜ್ಯವೊಂದು ಒಳಗಿರಲೇಬೇಕು ಎಂದಷ್ಟೇ ಅದರ ಅರ್ಥ. ನಾನು ಸಂಖ್ಯೆಯೇ ಅವಿಭಾಜ್ಯವೆಂದು ಓದಿಕೊಂಡು, 97ರವರೆಗೆ ಭಾಗಿಸಿ, ಪಕ್ಕದ ಮೇಜಿನ ಚಿತ್ರದುರ್ಗದವರಿಗೆ ಸಾರಿಬಿಟ್ಟೆ. "ಕೋಟೆಯಲ್ಲವೇ ಸಾರ್" ಎಂದು ಅವರು ಬೀಗಿದರು.

577501ರ ವರ್ಗಮೂಲ ಸುಮಾರು 760; ಸಂಖ್ಯೆ ಒಡೆಯುವುದಾದರೆ ಅದರೊಳಗೇ ಒಂದು ಅವಿಭಾಜ್ಯ ಸಿಗಬೇಕು. ಅಲ್ಲಿಯವರೆಗಿನ 134 ಅವಿಭಾಜ್ಯಗಳನ್ನೂ ನೋಡದೆ ಹೀಗೆ ಹೇಳುವಂತಿಲ್ಲವೆಂದು ರಾತ್ರಿ ಹೊಳೆಯಿತು. ಸೋಮಾರಿತನಕ್ಕೆ ಗಣಿತಜ್ಞ ಫರ್ಮಾನ ದಾರಿ ಹಿಡಿದೆ, ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆದರೆ ಅದು ಒಡೆದಂತೆಯೇ: 760ರ ವರ್ಗ 577600, ಅದರಿಂದ ನಮ್ಮ ಸಂಖ್ಯೆ ಕಳೆದರೆ 99. ಅದು 100 ಆಗಿದ್ದರೆ ಪೂರ್ಣವರ್ಗ, 750 × 770 ಎಂದು ಅಲ್ಲೇ ಬಿಡಿಸಬಹುದಿತ್ತು. ಒಂದೇ ಒಂದು ಕಡಿಮೆ! (ಆ ದಾರಿಯಲ್ಲೇ ನಡೆದಿದ್ದರೆ 442 ವರ್ಗಗಳನ್ನು ನೋಡಬೇಕಿತ್ತೆಂದು ಆಮೇಲೆ ತಿಳಿಯಿತು.) ಮತ್ತೆ ಭಾಗಾಕಾರಕ್ಕೇ ಮರಳಿದೆ. 199ಕ್ಕೆ ಶೇಷ 3 ಬಂದಾಗ ಇನ್ನೇನು ಸಿಕ್ಕಿತು ಎನಿಸಿತು, ಶೇಷ ಚಿಕ್ಕದಾದರೆ ಹತ್ತಿರ ಬಂದಂತಲ್ಲ ಎಂದು ಗೊತ್ತಿದ್ದರೂ. 58ನೆಯ ಅವಿಭಾಜ್ಯವಾದ 271ಕ್ಕೆ ಸೊನ್ನೆ. 271 × 2131.

ಬೆಳಿಗ್ಗೆ ಚೀಟಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಹರಿಹರ ನೋಡಿ" ಎಂದರು. 577601. ನೋಡಿದರೆ 760ರ ವರ್ಗಕ್ಕೆ ಒಂದು ಕೂಡಿಸಿದ್ದು! 4ರಿಂದ ಭಾಗಿಸಿದಾಗ 1 ಉಳಿಯುವ ಅವಿಭಾಜ್ಯಗಳಿಗೆ ಮಾತ್ರ ಅಂಥ ಬೆಸ ಸಂಖ್ಯೆ ಬಗ್ಗುತ್ತದೆ; 134ರ ಬದಲು 63 ನೋಡಿದರೆ ಆಯಿತು. ಎರಡು ಸಂಜೆ ಹಿಡಿಯಿತು. ಕೊನೆಯ 757ಕ್ಕೂ ಶೇಷ 10. ಹರಿಹರ ಒಡೆಯಲಿಲ್ಲ.